ಹೊರಗಿಂದೇನೂ ಸೇರಿಸಿಲ್ಲ

ಪುಟ್ಟಮ್ಮ ನಾಲ್ಕು ಕಾಳು ಅಕ್ಕಿ ಬಾಯಿಗೆ ಹಾಕಿಕೊಂಡು ಕಟಕಟ ಕಡಿದರು.

"ಶೆಟ್ರೇ, ಜೀನು ತಿದ್ದಿದ ಅಕ್ಕಿ ಅಂತಾರಲ್ಲ, ಇದೇನಾ?"

"ಅಯ್ಯೋ, ಇದಲ್ಲಮ್ಮ. 2025ರ ಮೇನಲ್ಲಿ ದಿಲ್ಲೀಲಿ ಎರಡು ತಳಿ ಹೆಸರಿಸಿದ್ರು. ಒಂದು ಕಮಲಾ, ನಮ್ಮ ಸಾಂಬಾ ಮಸೂರಿ ಮಗಳು." (ಪೇಪರ್ ಪೂರ್ತಿ ಓದದೆ ಶೆಟ್ಟರು ಬೋಣಿ ಮಾಡುವುದಿಲ್ಲ.)

"ಬಂದ್ರೆ ಗುರುತು ಹೆಂಗೆ?"

"ಚೀಲದ ಮೇಲೆ ಹಸಿರು ಚುಕ್ಕಿ, ತೂಕ, ತಾರೀಖು, ದೂರಿಗೆ ಫೋನ್ ನಂಬರ್ ಎಲ್ಲಾ ಇರ್ತದೆ."

"ತಿದ್ದಿದ್ದು ಅಂತ?"

"ಹೊರಗಿನ ಜೀನು ಸೇರಿಸಿಲ್ವಲ್ಲಮ್ಮ, ಇದ್ದದ್ದನ್ನೇ ಚೂರು ಕತ್ತರಿಸಿದ್ದು. ಅದಕ್ಕೇ ಕುಲಾಂತರಿ ನಿಯಮಗಳ ಬಿಗಿಯಿಂದ 2022ರಲ್ಲೇ ವಿನಾಯಿತಿ."

"ರೇಷನ್ ಕಾರ್ಡಲ್ಲಿ ನನ್ನ ಹೆಸರಿನ 'ಟ'ಕ್ಕೆ ಒತ್ತು ಹಾಕ್ಸಕ್ಕೆ ಮೂರು ಸಲ ಅಲೆದೆ!"

ಸೆರಗಿನ ಗಂಟು ಬಿಚ್ಚಿ ನೋಟು ಕೊಟ್ಟರು. ಶೆಟ್ಟರು ಬೆಳಕಿಗೆ ಹಿಡಿದರು.

"ಮೂಲೆ ಹರಿದಿದೆಯಲ್ಲಮ್ಮ?"

"ಇದ್ದದ್ದನ್ನೇ ಚೂರು ಕತ್ತರಿಸಿದ್ದು ಶೆಟ್ರೇ. ಹೊರಗಿಂದೇನೂ ಸೇರಿಸಿಲ್ಲ."