ಜಾಲರಿಯ ಫೋರ್ಮನ್ನರು

ಕೋಲಾರದ ಚಿನ್ನದ ಗಣಿಗಳ ಊರಿನಲ್ಲಿ, ರಾಬರ್ಟ್‌ಸನ್‌ಪೇಟೆಯಿಂದ ಮಾರಿಕುಪ್ಪದವರೆಗೆ ಯಾವ ಬೀದಿಯನ್ನು ಹೊಕ್ಕರೂ ಒಬ್ಬ ನಿವೃತ್ತ ಫೋರ್ಮನ್ನರ ದರ್ಶನವಾಗದೆ ಇರದು. ಅವರನ್ನು ಗುರುತಿಸುವುದಕ್ಕೆ ಪರರ ಸಹಾಯವೇನೂ ಬೇಕಾಗಿಲ್ಲ. ಅಂಗಿಯ ಮೇಲುಜೇಬಿನಲ್ಲಿ ಅಳತೆಯ ಟೇಪು, ಕಿವಿಯ ಸಂದಿನಲ್ಲಿ ಮೋಟು ಪೆನ್ಸಿಲು, ಮುಖದಲ್ಲಿ ಪ್ರಪಂಚವೆಲ್ಲ ತುಸು ಸೊಟ್ಟಗಿದೆಯೆಂಬ ಶಾಶ್ವತವಾದ ಖೇದ: ಇಷ್ಟು ಕಂಡರೆ ಸಾಕು. ಪರರ ಮನೆಯಲ್ಲಿ ಕುರ್ಚಿಯನ್ನು ತೋರಿಸಿ ಕುಳಿತುಕೊಳ್ಳಿರೆಂದರೆ, ಮೊದಲು ಅದರ ಬೆನ್ನನ್ನು ಹಿಡಿದು ಅಲುಗಿಸಿ, ನಾಲ್ಕು ಕಾಲುಗಳ ಸಮತ್ವವನ್ನು ಪರೀಕ್ಷಿಸಿ, ‘ಹಿಂದಿನ ಎಡಗಾಲು ಒಂದು ನೂಲು ಕಡಿಮೆ’ ಎಂಬ ತೀರ್ಪನ್ನಿತ್ತ ಬಳಿಕವೇ ಅವರು ಆಸೀನರಾಗುವರು. ಮದುವೆಯ ಮನೆಯಲ್ಲಿ ವಧೂವರರಿಗಿಂತ ಮೊದಲು ಅವರ ದೃಷ್ಟಿಗೆ ಬೀಳುವುದು ಚಪ್ಪರದ ಕಂಬ. ದೇವಸ್ಥಾನದಲ್ಲಿ ಗಂಟೆಯನ್ನು ಬಾರಿಸುವುದಕ್ಕೆ ಮುಂಚೆ ಅದನ್ನು ತೂಗುಹಾಕಿದ ಕೊಂಡಿಯನ್ನು ನೋಡುವರು. ಅನಂತರವೂ ಬಾರಿಸುವುದು ಸಂಶಯವೇ.

ಈ ಸ್ವಭಾವವನ್ನು ಕಂಡು ನಗುವವರು ಅದು ಯಾವ ಪಾಠಶಾಲೆಯಲ್ಲಿ ರೂಪುಗೊಂಡಿತೆಂಬುದನ್ನು ಅರಿತು ನಗುವುದು ನ್ಯಾಯ. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿಯ ಗಣಿಗಾರಿಕೆಯನ್ನು ಕೈಗೊಂಡಂದಿನಿಂದ, 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸಿನ ಬಾಗಿಲು ಮುಚ್ಚುವವರೆಗೆ, ಈ ನೆಲದಲ್ಲಿ ಅಳತೆಯೆಂಬುದು ಪ್ರಾಣದ ಪ್ರಶ್ನೆಯಾಗಿತ್ತು. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದಿತ್ತು. ಉಕ್ಕಿನ ಹಗ್ಗದ ತುದಿಯಲ್ಲಿ ತೂಗುವ ಕೇಜಿನೊಳಗೆ ಹೆಗಲಿಗೆ ಹೆಗಲು ತಾಗಿಸಿ ನಿಂತು ಕತ್ತಲೆಗೆ ಇಳಿಯುತ್ತಿದ್ದವರು, ಆ ಹಗ್ಗವನ್ನು ಪರೀಕ್ಷಿಸಿದವನ ಕಣ್ಣನ್ನೂ ಆ ಕೇಜಿನ ಪಿನ್ನಿಗೆ ಅರ ಹಾಕಿದವನ ಕೈಯನ್ನೂ ನಂಬಿಕೊಂಡೇ ಇಳಿಯುತ್ತಿದ್ದರು. ಅಲ್ಲಿ ‘ಸುಮಾರಾಗಿ ಸರಿಯಾಗಿದೆ’ ಎಂಬ ಮಾತಿಗೆ ಎಡೆಯಿರಲಿಲ್ಲ. ಗಣಿಯೇನೋ ಮುಚ್ಚಿತು; ಅಂಗುಲದ ಸಾವಿರದಲ್ಲೊಂದಂಶಕ್ಕೆ ನಿದ್ದೆಗೆಡುವ ಅಭ್ಯಾಸವನ್ನು ಮುಚ್ಚತಕ್ಕದ್ದೆಂದು ಮಾತ್ರ ಯಾವ ಸರಕಾರವೂ ಆಜ್ಞೆ ಹೊರಡಿಸಲಿಲ್ಲ. ಹೀಗೆ ಉದ್ಯೋಗ ತಪ್ಪಿದ ನಿಖರತೆಯು ಊರೊಳಗೆ ನಿರ್ವಾಹವಿಲ್ಲದೆ ಅಲೆದಾಡುತ್ತ, ಕೈಗೆ ಸಿಕ್ಕ ನಲ್ಲಿ, ಬಾಗಿಲು, ಕುರ್ಚಿಗಳ ಮೇಲೆ ಎರಗತೊಡಗಿತು.

ನಾನು ಬಲ್ಲ ಫೋರ್ಮನ್ನರ ವಿಷಯದಲ್ಲಿ ಅದು ಎರಗಿದುದು ಒಂದು ಹಳೆಯ ಮ್ಯಾಟಡೋರ್ ವ್ಯಾನಿನ ಮೇಲೆ. ಜರ್ಮನಿಯ ಹಾನೊಮಾಗ್ ವಿನ್ಯಾಸವನ್ನು ಅನುಸರಿಸಿ ಬಜಾಜ್ ಟೆಂಪೊ ಕಂಪೆನಿಯವರು ನಿರ್ಮಿಸಿದ, ಒಂದು ಕಾಲಕ್ಕೆ ನಮ್ಮ ರಸ್ತೆಗಳಲ್ಲೆಲ್ಲ ಕಾಣುತ್ತಿದ್ದ ಈ ವಾಹನವು, ಪೂರ್ವಾಶ್ರಮದಲ್ಲಿ ಶಾಲೆಯ ಮಕ್ಕಳನ್ನೂ, ಅನಂತರ ಕೋಲಾರದ ಮಂಡಿಗೆ ಟೊಮೇಟೊವನ್ನೂ, ಕಟ್ಟಕಡೆಗೆ ಮದುವೆಯ ಅಡಿಗೆಯವರನ್ನೂ ಅವರ ಕೊಪ್ಪರಿಗೆಗಳನ್ನೂ ಹೊತ್ತು, ಸಂಸಾರದಲ್ಲಿ ಜುಗುಪ್ಸೆಗೊಂಡು ಒಂದು ಹುಣಿಸೆಯ ಮರದ ಕೆಳಗೆ ನಿಂತಿತ್ತು. ಫೋರ್ಮನ್ನರು ಅದನ್ನು ಕೊಂಡು ತಂದು, ಆಸನಗಳನ್ನು ಕಿತ್ತು, ಮಲಗುವುದಕ್ಕೆ ಎರಡು ಹಲಗೆ, ಅಡಿಗೆಗೆ ಗ್ಯಾಸಿನ ಒಲೆ, ನೀರಿಗೆ ಡ್ರಮ್ಮು, ದೇವರಿಗೊಂದು ಗೂಡು ಇವನ್ನೆಲ್ಲ ಅಳವಡಿಸಿ, ಧರ್ಮಪತ್ನಿಯೊಡನೆ ರಾಮೇಶ್ವರ ಯಾತ್ರೆಯನ್ನು ಸಂಕಲ್ಪಿಸಿದರು. ಪರದೇಶಗಳಲ್ಲಿ ಮನೆಯನ್ನೇ ಗಾಲಿಯ ಮೇಲೆ ಕಟ್ಟಿಕೊಂಡು ಊರೂರು ಸುತ್ತುವ ಜನರುಂಟೆಂದು ಮೊಮ್ಮಗನು ಮೊಬೈಲಿನಲ್ಲಿ ತೋರಿಸಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಕಮಾನು ಗಾಡಿಗೆ ಎತ್ತು ಹೂಡಿ, ಬುತ್ತಿ ಕಟ್ಟಿ, ಹಾಸಿಗೆ ಹಾಸಿ, ವಾರಗಟ್ಟಲೆ ಜಾತ್ರೆಗೆ ಹೋಗಿಬರುತ್ತಿದ್ದ ನಮ್ಮ ಹಿರಿಯರು ಮಾಡಿದ್ದೂ ಅದನ್ನೇ ಅಲ್ಲವೆ ಎಂದರು. ಎಂಜಿನು ಸಿದ್ಧವಾಯಿತು, ಒಲೆ ಸಿದ್ಧವಾಯಿತು, ಯಜಮಾನಿತಿಯವರ ಚಕ್ಕುಲಿಯ ಡಬ್ಬಿಯೂ ಸಿದ್ಧವಾಯಿತು. ಉಳಿದದ್ದು ಕಿಟಕಿಗಳಿಗೆ ಸೊಳ್ಳೆಯ ಜಾಲರಿಯೊಂದೇ. ಆ ದಿನದಿಂದ ರಾಮೇಶ್ವರವು ದಕ್ಷಿಣಕ್ಕೆ ಸರಿಯತೊಡಗಿತು.

ಸುಲಭೋಪಾಯಗಳನ್ನು ಸೂಚಿಸಿದವರು ಇಲ್ಲದಿರಲಿಲ್ಲ. ಬೆಂಗಳೂರಿನ ಕಂಪೆನಿಯೊಂದರಲ್ಲಿ ಉದ್ಯೋಗದಲ್ಲಿರುವ ಅಳಿಯಂದಿರು, ‘ಮಾವ, ಸುತ್ತಲೂ ವೆಲ್ಕ್ರೋ ಪಟ್ಟಿ ಅಂಟಿಸಿ ಬಲೆ ಒತ್ತಿಬಿಟ್ಟರೆ ಒಂದು ಗಂಟೆಯ ಕೆಲಸ’ ಎಂದರು. ಫೋರ್ಮನ್ನರು ಅವರನ್ನು ದೀರ್ಘಕಾಲ ನೋಡಿ, ಮಗಳನ್ನು ಕೊಟ್ಟಾದ ಮೇಲೆ ಈಗ ಮಾಡತಕ್ಕದ್ದೇನೂ ಇಲ್ಲವೆಂಬ ಸ್ವರದಲ್ಲಿ, ‘ಅಂಟಿಸೋದು ಅಂಚೆ ಚೀಟೀನ, ಅಳಿಯಂದಿರೇ. ಕಿಟಕಿಗೆ ಫ್ರೇಮು ಕೂಡಿಸಬೇಕು’ ಎಂದರು.

ಜಾಲರಿಯನ್ನು ಕೊಳ್ಳಲು ಅವರು ಬಂಗಾರಪೇಟೆಗೇ ಹೋಗಬೇಕಾಯಿತು. ರಾಬರ್ಟ್‌ಸನ್‌ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿಗಳಿಗೆ ಕೊರತೆಯೇನೂ ಇಲ್ಲ. ಆದರೆ ಅಲ್ಲಿಯ ವರ್ತಕರೆಲ್ಲ ಅವರನ್ನು ಚೆನ್ನಾಗಿ ಬಲ್ಲವರಾದುದರಿಂದ, ಅವರು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡೊಡನೆ ಊಟಕ್ಕೆ ಹೋಗಿಬಿಡುತ್ತಿದ್ದರು. ಗಣಿಗಳಿಗಾಗಿಯೇ 1894ರಲ್ಲಿ ಹಾಕಿದ ರೈಲುದಾರಿಯಲ್ಲಿ ಮಾರಿಕುಪ್ಪದ ಗಾಡಿ ಹತ್ತಿ, ಬೌರಿಂಗ್ ಸಾಹೇಬನ ಹೆಸರನ್ನು ಕಳಚಿ ಬಂಗಾರದ ಹೆಸರನ್ನು ತೊಟ್ಟ ಆ ಪೇಟೆಯಲ್ಲಿ ಇಳಿದು, ತಮ್ಮನ್ನರಿಯದ ಅಂಗಡಿಯೊಂದನ್ನು ಅವರು ಹೊಕ್ಕರು.

‘ಎಷ್ಟು ಮೀಟರ್ ಬೇಕು, ಸಾರ್?’ ಎಂದು ಅಂಗಡಿಯ ಹುಡುಗ ಕೇಳಿದ.

‘ಮೀಟರು ಆಮೇಲೆ. ಇಂಚಿಗೆ ಎಷ್ಟು ಕಣ್ಣು, ಅದನ್ನು ಹೇಳು.’

‘ಸೊಳ್ಳೆ ಜಾಲರಿ ಸಾರ್. ಸೊಳ್ಳೆ ಬರಲ್ಲ.’

‘ಯಾವ ಸೊಳ್ಳೆ?’

ಈ ಪ್ರಶ್ನೆಗೆ ಉತ್ತರವಿಲ್ಲದೆ ಹುಡುಗನು ಒಳಗಿನಿಂದ ಮಾಲೀಕನನ್ನು ಕರೆದುಕೊಂಡು ಬರುವಷ್ಟರಲ್ಲಿ, ಫೋರ್ಮನ್ನರು ಭೂತಗನ್ನಡಿಯನ್ನು ತೆಗೆದು ಜಾಲರಿಯ ಕಣ್ಣುಗಳನ್ನು ಎಣಿಸಿ ಮುಗಿಸಿದ್ದರು. ಅಂಗುಲಕ್ಕೆ ಒಂದು ದಿಕ್ಕಿನಲ್ಲಿ 18, ಇನ್ನೊಂದು ದಿಕ್ಕಿನಲ್ಲಿ 16. ಎಂದರೆ ಚದರಂಗುಲಕ್ಕೆ 288 ಕಣ್ಣು. ಕಣ್ಣು ಇದಕ್ಕಿಂತ ದೊಡ್ಡದಾದರೆ ಸಣ್ಣ ಸೊಳ್ಳೆ ನುಸುಳೀತು. ಇದಕ್ಕಿಂತ ಬಹಳ ಕಿರಿದಾದರೆ ಸೊಳ್ಳೆಯೊಡನೆ ಗಾಳಿಯೂ ಹೊರಗೇ ನಿಂತೀತು. ಇನ್ನು ದ್ರವ್ಯದ ವಿಚಾರ. ಗಾಜಿನ ನಾರಿನ ಬಲೆಗೆ ತುಕ್ಕಿನ ಭಯವಿಲ್ಲ, ಆದರೆ ಇಲಿಯ ಭಯವುಂಟು. ಜಿಂಕ್ ಲೇಪದ ತಂತಿಗೆ ಇಲಿಯ ಭಯವಿಲ್ಲ, ಲೇಪ ಸವೆದೊಡನೆ ತುಕ್ಕಿನ ಭಯವುಂಟು. ಅಲ್ಯೂಮಿನಿಯಮ್ಮಿನದಕ್ಕೆ ಮೊಮ್ಮಗನ ಬೆರಳು ಒಮ್ಮೆ ತಾಗಿದರೆ ಆ ಗುಳಿ ಯಾವಜ್ಜೀವವೂ ಹೋಗದು. ಆದಕಾರಣ ಸ್ಟೇನ್‌ಲೆಸ್ ಸ್ಟೀಲಿನ ಜಾಲರಿಯೇ ಗ್ರಾಹ್ಯವೆಂದು ನಿರ್ಣಯವಾಯಿತು. ಮರಳುವಾಗ ಸ್ಟೇಷನ್ನಿನ ದಾರಿಯಲ್ಲಿ ಒಂದು ಪ್ಲೇಟು ಪಾನಿಪುರಿಯನ್ನೂ ತಿಂದರು. ಬಂಗಾರಪೇಟೆಯ ಪಾನಿಯು ಬಣ್ಣವಿಲ್ಲದೆ ತಿಳಿಯಾಗಿರುವುದು ಲೋಕಪ್ರಸಿದ್ಧ. ತಳ ಕಾಣುವ ಪದಾರ್ಥವನ್ನು ಮಾತ್ರ ನಂಬಬೇಕೆಂಬುದು ಫೋರ್ಮನ್ನರ ಮತ.

ಜಾಲರಿಯ ವಿಷಯದಲ್ಲಿ ಅವರಿಗಿರುವ ಈ ಪಾಂಡಿತ್ಯವು ವಂಶಪಾರಂಪರ್ಯವಾಗಿ ಬಂದದ್ದು. ಅವರ ತಾತನವರು ಗಣಿಯ ಸ್ಟಾಂಪ್ ಮಿಲ್ಲಿನಲ್ಲಿದ್ದರು. ಅಲ್ಲಿ ಉಕ್ಕಿನ ಭಾರವಾದ ಒನಕೆಗಳು ಸಾಲಾಗಿ ಬಿದ್ದೆದ್ದು ಬೆಣಚುಕಲ್ಲನ್ನು ನೀರಿನೊಡನೆ ಕುಟ್ಟುತ್ತಿದ್ದುವು; ಕುಟ್ಟಿದ್ದೆಲ್ಲ ಒಂದು ಜರಡಿಯ ಕಣ್ಣಿನಲ್ಲಿ ಹಾಯ್ದು, ಪಾದರಸ ಸವರಿದ ತಾಮ್ರದ ತಗಡುಗಳ ಮೇಲೆ ಹರಿಯಬೇಕು; ಹಾಯದಷ್ಟು ದಪ್ಪಗಿದ್ದ ಕಲ್ಲು ಮತ್ತೆ ಒನಕೆಯ ಕೆಳಗೇ ಬೀಳಬೇಕು. ಜರಡಿಯ ಕಣ್ಣು ಹರಿದು ಅಗಲವಾದರೆ ಚಿನ್ನವು ಕಲ್ಲಿನ ಹೊಟ್ಟೆಯಲ್ಲಿಯೇ ಅಡಗಿಕೊಂಡು ತಿಪ್ಪೆಗೆ ಹೋಗುತ್ತಿತ್ತು. ಹಾಗೆ ಹೋದುದನ್ನು ಹಿಡಿಯಲು ಸೈನೈಡಿನ ವಿಧಾನ ಬಂತು. ಅದೂ ಹಿಡಿದಾದ ಮೇಲೆ ಉಳಿದ ನುಣುಪು ಮಣ್ಣು, ಊರ ಸುತ್ತ ಗುಡ್ಡಗಳಾಗಿ ನಿಂತು, ಗಾಳಿಯ ಕಾಲದಲ್ಲಿ ಇಂದಿಗೂ ಪ್ರತಿಯೊಂದು ಮನೆಯ ಅನ್ನದ ಪಾತ್ರೆಯನ್ನು ವಿಚಾರಿಸಿಕೊಂಡು ಹೋಗುತ್ತದೆ. ‘ನಮ್ಮ ತಾತ ಚಿನ್ನವನ್ನು ಒಳಕ್ಕೆ ಬಿಟ್ಟುಕೊಳ್ಳೋ ಜಾಲರಿ ನೋಡ್ಕೊಂಡರು, ನಾನು ಸೊಳ್ಳೇನ ಹೊರಗಿಡೋ ಜಾಲರಿ ಮಾಡ್ತೀನಿ; ಕಣ್ಣು ಎಣಿಸೋದು ಎರಡಕ್ಕೂ ಒಂದೇ’ ಎಂದು ಅವರು ಹೇಳುವಾಗ, ತಲೆಮಾರುಗಳಲ್ಲಿ ಚಿನ್ನವು ಸೊಳ್ಳೆಯಾದುದರ ವ್ಯಸನವು ಅವರ ಧ್ವನಿಯಲ್ಲಿ ಕಿಂಚಿತ್ತೂ ಇರುವುದಿಲ್ಲ.

ಕೆಲಸವು ಆರಂಭವಾಯಿತು. ಎಡಗಡೆಯ ಕಿಟಕಿಯನ್ನು ಅಳೆದು ಬಲಗಡೆಯದನ್ನೂ ಅದರಂತೆಯೇ ಎಣಿಸುವುದು ಸಾಮಾನ್ಯರ ಪದ್ಧತಿ. ಫೋರ್ಮನ್ನರು ಪ್ರತಿಯೊಂದು ಕಿಟಕಿಗೂ ಬೇರೆ ಬೇರೆ ರಟ್ಟನ್ನು ಒತ್ತಿ ಆಕಾರ ತೆಗೆದರು. ತೆಗೆದದ್ದರಿಂದ, ಆ ವಾಹನದ ಎರಡು ಪಾರ್ಶ್ವಗಳು ಹಿಂದೆ ಯಾವಾಗಲೋ ಆದ ಅಪಘಾತದ ದೆಸೆಯಿಂದ ಪರಸ್ಪರ ದಾಯಾದಿಗಳಾಗಿವೆಯೆಂಬ ಸತ್ಯವು ಬೆಳಕಿಗೆ ಬಂತು. ಅದರ ಮೇಲೆ, ಮನೆಯ ಕಿಟಕಿಯಂತೆ ಇವಕ್ಕೆ ನೇರವಾದ ಮೂಲೆಗಳಿಲ್ಲ. ನಾಲ್ಕು ಮೂಲೆಗಳೂ ದುಂಡು. ಆದುದರಿಂದ ಅಲ್ಯೂಮಿನಿಯಂ ಚಾನೆಲ್ಲನ್ನು ಓರೆಯಾಗಿ ಕೊಯ್ದು ಕೂಡಿಸುವ ಬದಲು, ಮರದ ಅಚ್ಚಿನ ಮೇಲೆ ಸ್ವಲ್ಪಸ್ವಲ್ಪವಾಗಿ ಬಾಗಿಸಬೇಕಾಯಿತು. ಬಾಗಿದ ಚೌಕಟ್ಟಿನ ಮೇಲೆ ಜಾಲರಿಯನ್ನು ಹರಡಿ, ಅದರ ಎಳೆಗಳು ಚೌಕಟ್ಟಿನ ಅಂಚಿಗೆ ಸಮಾನಾಂತರವಾಗಿವೆಯೇ ಎಂದು ಮೂಲೆಮಟ್ಟವಿಟ್ಟು ನೋಡಿ, ರಬ್ಬರಿನ ಎಳೆಯನ್ನು ಪುಟ್ಟ ಉರುಳೆಯಿಂದ ಚೌಕಟ್ಟಿನ ತೋಡಿನೊಳಗೆ ಒತ್ತುತ್ತ ಬರಬೇಕು. ಎಳೆತವು ಕಡಿಮೆಯಾದರೆ ಜಾಲರಿ ಜೋಲುವುದು; ಹೆಚ್ಚಾದರೆ ಚೌಕಟ್ಟೇ ನಡುವಿನಲ್ಲಿ ಒಳಕ್ಕೆ ಬಾಗಿ ಡಮರುವಿನಂತಾಗುವುದು. ಅಲ್ಯೂಮಿನಿಯಮ್ಮು ವ್ಯಾನಿನ ಉಕ್ಕಿಗೆ ನೇರವಾಗಿ ತಾಗಿ ನಡುವೆ ಮಳೆಯ ನೀರು ಸೇರಿದರೆ ಲೋಹವನ್ನು ಲೋಹವೇ ತಿನ್ನುವುದರಿಂದ, ಅವೆರಡರ ನಡುವೆ ರಬ್ಬರಿನ ಪಟ್ಟಿಯನ್ನು ಮಧ್ಯಸ್ಥಿಕೆಗೆ ಕೂರಿಸಿದರು. ಕಿಂಬಹುನಾ, ಪ್ರತಿ ಚೌಕಟ್ಟಿಗೂ ಅಂಕೆಯ ಪಂಚಿನಿಂದ ನಂಬರು ಹೊಡೆದು, ಅದನ್ನು ಒಂದು ರಿಜಿಸ್ಟರಿನಲ್ಲಿ ದಾಖಲು ಮಾಡಿ, ‘ಪರೀಕ್ಷಿಸಲಾಗಿದೆ’ ಎಂದು ಬರೆದು, ಕೆಳಗೆ ತಾವೇ ರುಜು ಹಾಕಿ, ಮೇಲಧಿಕಾರಿಯ ರುಜುವಿಗೆ ಸ್ಥಳವನ್ನು ಖಾಲಿ ಬಿಟ್ಟರು.

ಕೆಲಸದ ನಡುವೆ ಬಂದವರಿಗೆ ರೊನಾಲ್ಡ್ ರಾಸ್ ಮಹಾಶಯನ ಕಥೆಯನ್ನು ಹೇಳದೆ ಕಳುಹಿಸುವುದು ಅವರ ಜಾಯಮಾನವಲ್ಲ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ರೋಗಾಣುವನ್ನು ಕಂಡು ಜಗದ್ವಿಖ್ಯಾತನಾದ ಆ ವೈದ್ಯನು, ಅದಕ್ಕೆ ಬಹಳ ಹಿಂದೆ ಬೆಂಗಳೂರಿನ ದಂಡಿನಲ್ಲಿದ್ದಾಗ, ತನ್ನ ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಸೊಳ್ಳೆಗಳು ಹುಟ್ಟುವುದನ್ನು ಕಂಡು ತೊಟ್ಟಿಯನ್ನು ಮಗುಚಿಹಾಕಿದನು, ಕಾಟವು ತಗ್ಗಿತು. ಉಳಿದ ತೊಟ್ಟಿಗಳನ್ನೂ ಮಗುಚೋಣವೆಂದು ಅಡ್ಜುಟಂಟ್ ಸಾಹೇಬನಿಗೆ ಸೂಚಿಸಲು, ಸೊಳ್ಳೆಯನ್ನು ಸೃಷ್ಟಿಸಿದ್ದಕ್ಕೂ ಏನೋ ಉದ್ದೇಶವಿರಬೇಕು, ಸೃಷ್ಟಿಕ್ರಮವನ್ನು ಕೆಡಿಸಲಾಗದೆಂದು ಅವನು ಒಪ್ಪಲಿಲ್ಲವಂತೆ. ‘ತೊಟ್ಟಿ ಮಗುಚಿದ್ದು ಸರಿ. ಕಿಟಕಿಗೆ ಅಳತೆ ತೆಗೆದನೇ? ಇಲ್ಲ. ಎಷ್ಟಾದರೂ ಡಾಕ್ಟರು, ಫಿಟ್ಟರಲ್ಲ’ ಎಂಬುದು ಈ ಕಥೆಯ ಮೇಲೆ ಫೋರ್ಮನ್ನರ ಭಾಷ್ಯ. ರಾಸನಿಗೆ ನೊಬೆಲ್ ಪಾರಿತೋಷಕವು ದೊರೆತ 1902ರಲ್ಲಿಯೇ, ಸುಮಾರು 147 ಕಿಲೋಮೀಟರ್ ದೂರದ ಶಿವನಸಮುದ್ರದಿಂದ ಕೋಲಾರದ ಗಣಿಗಳಿಗೆ ವಿದ್ಯುತ್ತು ಹರಿದುಬಂದುದನ್ನು ಅವರು ಆಕಸ್ಮಿಕವೆಂದು ಒಪ್ಪುವುದಿಲ್ಲ: ಸೊಳ್ಳೆಯ ಗುಟ್ಟು ಜಗತ್ತಿಗೆ ತಿಳಿದ ಮೇಲೆ ಅದನ್ನು ನೋಡಿ ಹೊಡೆಯಲು ದೀಪ ಬೇಡವೆ?

ಕಡೆಗೊಂದು ದಿನ ಜಾಲರಿಯು ಪೂರ್ಣವಾಯಿತು. ಮುಸ್ಸಂಜೆಯ ಹೊತ್ತಿಗೆ ಬೀದಿಯ ಜನರನ್ನೆಲ್ಲ ಪರೀಕ್ಷೆಗೆ ಆಹ್ವಾನಿಸಿ, ವ್ಯಾನಿನೊಳಗೆ ದೀಪವನ್ನು ಹಚ್ಚಿ, ಹಲಗೆಗಳ ಮೇಲೆ ಗಣ್ಯರನ್ನು ಕೂರಿಸಿ, ಫೋರ್ಮನ್ನರು ತಾವು ಬಾಗಿಲಿನಲ್ಲಿ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತು, ಒಳಗಿನವರಿಗೆ ಎಳೆತದ ತತ್ತ್ವವನ್ನೂ ಹೊರಗಿನವರಿಗೆ ಕಣ್ಣಿನ ಲೆಕ್ಕವನ್ನೂ ವಿವರಿಸತೊಡಗಿದರು. ಒಳಗಿದ್ದವರು ನೋಡಿ ಇಳಿಯುವುದು, ಹೊರಗಿದ್ದವರು ನೋಡಲು ಹತ್ತುವುದು ನಡೆದೇ ಇತ್ತು. ಉಪನ್ಯಾಸವು ಬಾಗಿದ ಮೂಲೆಗಳ ಪ್ರಕರಣಕ್ಕೆ ಬಂದಾಗ ಒಳಗಿನಿಂದ ಒಂದು ಚಪ್ಪಾಳೆ ಕೇಳಿಸಿತು. ಫೋರ್ಮನ್ನರು ಕೃತಜ್ಞತೆಯಿಂದ ತಲೆಬಾಗಿದರು. ಮತ್ತೊಂದು ಚಪ್ಪಾಳೆ, ಮಗುದೊಂದು. ಆಗ ಪಕ್ಕದ ಮನೆಯ ಹುಡುಗನು ತನ್ನ ಅಂಗೈಯನ್ನು ದೀಪಕ್ಕೆ ಹಿಡಿದು, ‘ಸೊಳ್ಳೆ, ಮಾಮ’ ಎಂದನು.

ಫೋರ್ಮನ್ನರು ವಿಚಲಿತರಾಗಲಿಲ್ಲ. ಟಾರ್ಚನ್ನು ಹಿಡಿದು ಒಂದೊಂದು ಚೌಕಟ್ಟನ್ನೂ ಅಂಚಿನಿಂದ ಅಂಚಿಗೆ ಶೋಧಿಸಿ, ಒಂದು ಕಣ್ಣೂ ಹರಿಯದಿರುವುದನ್ನು ನಾಲ್ಕು ಜನರ ಸಾಕ್ಷಿಯಲ್ಲಿ ಸ್ಥಾಪಿಸಿ, ತೀರ್ಪನ್ನು ಹೇಳಿದರು: ‘ಬಂದದ್ದು ಬಾಗಿಲಿನಿಂದ. ಬಂದ ಸೊಳ್ಳೆ ಒಂದಾದರೂ ಆಚೆಗೆ ಹೋಗೋಕಾಯ್ತಾ, ನೋಡಿ! ಜಾಲರಿ ಪಾಸು.’

‘ಹಾಗಾದ್ರೆ ಇವನ್ನೆಲ್ಲ ರಾಮೇಶ್ವರದಲ್ಲೇ ಇಳಿಸಿ ಬರೋಣ, ಬನ್ರೀ’ ಎಂದರು ಯಜಮಾನಿತಿಯವರು, ಚಕ್ಕುಲಿಯ ಡಬ್ಬಿಯನ್ನು ನೆರೆಯ ಮಕ್ಕಳ ಮುಂದೆ ತೆರೆದಿಡುತ್ತ.

ಆ ಮಾತು ಫೋರ್ಮನ್ನರ ಕಿವಿಗೆ ಬೀಳಲಿಲ್ಲ. ಅಷ್ಟರಲ್ಲಿ ಅವರು ಬಾಗಿಲಿಗೆ ಟೇಪು ಹಿಡಿದು, ಮೇಲಿನ ಅಂಚಿಗಿಂತ ಕೆಳಗಿನ ಅಂಚು ಒಂದೂವರೆ ನೂಲು ಹೆಚ್ಚಾಗಿರುವುದನ್ನು ಕಂಡುಹಿಡಿದು, ಆನಂದಪರವಶರಾಗಿದ್ದರು. ಯಜಮಾನಿತಿಯವರು ಮರುದಿನವೇ ರಾಮೇಶ್ವರಕ್ಕೆ ರೈಲಿನಲ್ಲಿ ಎರಡು ಟಿಕೆಟ್ಟುಗಳನ್ನು ಕಾದಿರಿಸಿದರು. ಫೋರ್ಮನ್ನರೂ ಹೊರಡಲು ಒಪ್ಪಿದ್ದಾರೆ; ಕಿಟಕಿಯ ಪಕ್ಕದ ಸೀಟು ತಮಗೇ ಇರಬೇಕೆಂಬುದೊಂದೇ ಅವರ ಷರತ್ತು.