ಖ ಕಣ್ಣು ಹೊಡೆದ ಪ್ರಸಂಗ

ಮಾನವಶಾಸ್ತ್ರದ ವಿದ್ಯಾರ್ಥಿಗೆ ಕ್ಲಿಫರ್ಡ್ ಗೀರ್ಟ್ಝ್‌ನನ್ನು ಓದಿಸಬಾರದು. ಓದಿಸಿದರೂ ದಕ್ಷಿಣ ಕನ್ನಡದ ಬಸ್ಸು ಹತ್ತಲು ಬಿಡಬಾರದು. 1958ರಲ್ಲಿ ಈ ಅಮೆರಿಕದ ವಿದ್ವಾಂಸ ಹೆಂಡತಿಯೊಂದಿಗೆ ಬಾಲಿಯ ಹಳ್ಳಿಯೊಂದಕ್ಕೆ ಹೋದಾಗ ಊರವರು ಕಣ್ಣೆತ್ತಿಯೂ ನೋಡಲಿಲ್ಲ. ಆಮೇಲೊಂದು ದಿನ ಕೋಳಿ ಅಂಕದ ಮೇಲೆ ಪೊಲೀಸರು ಬಿದ್ದರು. ಗಂಡಹೆಂಡಿರು ಊರವರ ಜೊತೆ ಎದ್ದೆನೋ ಬಿದ್ದೆನೋ ಎಂದು ಓಡಿದರು. ಮರುದಿನದಿಂದ ಊರೇ ಅವರದಾಯಿತು! ಮಾಹಿತಿದಾರರ ವಿಶ್ವಾಸ ಗಳಿಸಲು ಇದಕ್ಕಿಂತ ಅಗ್ಗದ ಉಪಾಯವುಂಟೇ?

ಅದೇ ಉಪಾಯ ನೆಚ್ಚಿ ನಾನೂ ದಕ್ಷಿಣ ಕನ್ನಡದ ಕೋಳಿ ಅಂಕವೊಂದಕ್ಕೆ ಹೋದೆ. ಮೈಸೂರು ಕಡೆಯ ನನಗೆ ತುಳು ಬಾರದು. ಬಾರದಿದ್ದರೇನು, ಸಹಭಾಗಿ ಅವಲೋಕನ ಇದೆಯಲ್ಲ, ಜೊತೆಗಿದ್ದು ನೋಡಿದರಾಯಿತು. (ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಅಲ್ಲಿನ ಭಾಷೆ ಕಲಿತ ಎಂಬ ಪುಟಗಳನ್ನು ನಾನು ಸರಸರ ಮಗುಚಿದ್ದೆ.) ಕೊಯ್ಲಾದ ಗದ್ದೆಯಲ್ಲಿ ನಿಂತು ಕೋಳಿಯ ಕಾಲಿಗೆ ಬಾಳು ಎಂಬ ಪುಟ್ಟ ಕತ್ತಿ ಕಟ್ಟುವ ಕ್ರಮ, ಕುಕ್ಕುಟ ಪಂಚಾಂಗ ನೋಡಿ ಇಂದು ಯಾವ ಬಣ್ಣದ ಹುಂಜಕ್ಕೆ ಗೆಲುವೆಂದು ಹೇಳುವವರ ಗತ್ತು, ಯಾರು ಎಷ್ಟು ಬಾಜಿ ಕಟ್ಟಿದರು, ಎಲ್ಲ ಬರೆದುಕೊಂಡೆ. ಮಾಹಿತಿದಾರರ ಗುರುತು ಕಾಪಾಡುವುದು ಶಾಸ್ತ್ರಧರ್ಮ, ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ತಾವು ಅಧ್ಯಯನ ಮಾಡಿದ ಕೊಡಗಹಳ್ಳಿಯನ್ನೇ ರಾಂಪುರ ಮಾಡಿದ್ದರು. ನಾನು ಎಲ್ಲರನ್ನೂ ಕ, ಖ, ಗ ಮಾಡಿದೆ.

ಅಷ್ಟರಲ್ಲಿ ಖ ನನ್ನತ್ತ ಒಂದು ಕಣ್ಣು ಮುಚ್ಚಿದ. ಗೀರ್ಟ್ಝ್ 1973ರಲ್ಲಿ ‘ದಟ್ಟ ವಿವರಣೆ’ಗೆ ಕೊಟ್ಟ ಉದಾಹರಣೆಯೇ ಎದುರಿಗೆ! ಇದು ತಾನಾಗಿ ಅದುರಿದ ರೆಪ್ಪೆಯೋ, ಬೇಕೆಂದೇ ಹೊಡೆದ ಕಣ್ಣೋ, ಕಣ್ಣು ಹೊಡೆಯುವವರ ಅಣಕವೋ? ನೋಡಲು ಮೂರೂ ಒಂದೇ, ಅರ್ಥ ಬೇರೆ ಬೇರೆ. ಪುಳಕಗೊಂಡು ಅರ್ಧ ಪುಟ ಗೀಚಿ ತಲೆಯೆತ್ತಿದರೆ ಗದ್ದೆ ಖಾಲಿ. ನಾನು ಬರೆಯುವ ಭರದಲ್ಲಿದ್ದಾಗ ಯಾರೋ ಕಂಕುಳಿಗೆ ತುರುಕಿ ಹೋದ ಹುಂಜವೊಂದೇ ಉಳಿದಿತ್ತು. ಎದುರಿಗೆ ಪೊಲೀಸ್ ಜೀಪು.

“ಕೋಳಿ ನಿಮ್ಮದಾ?”

“ಅಲ್ಲ ಸಾರ್, ಸಂಶೋಧನೆ.”

ಪೇದೆ ನೋಟ್‌ಬುಕ್ ಇಸಕೊಂಡು ಓದಿದರು. ಬಾಜಿಯ ಲೆಕ್ಕ ಇಷ್ಟು ಚೊಕ್ಕವಾಗಿ ಅವರು ಎಲ್ಲೂ ಕಂಡಿರಲಿಲ್ಲವಂತೆ.

“ಈ ಕ ಯಾರು ಮಾರಾಯ್ರೆ?”

ನಾನು ಬಾಯಿ ಬಿಡಲಿಲ್ಲ. ಬಿಡಲು ನನಗೂ ಗೊತ್ತಿರಲಿಲ್ಲ ಅನ್ನಿ. ಪುಸ್ತಕದಲ್ಲಿ ಹೆಸರು, ವಿಳಾಸ ಸಮೇತ ಸಿಕ್ಕಿದವನು ಒಬ್ಬನೇ, ಅದೂ ರಟ್ಟಿನ ಮೇಲೆ, ದುಂಡನೆಯ ಅಕ್ಷರದಲ್ಲಿ.

1970ರಲ್ಲಿ ಸ್ಟ್ಯಾನ್‌ಫರ್ಡ್‌ನ ಬೆಂಕಿಯಲ್ಲಿ ಟಿಪ್ಪಣಿಗಳು ಸುಟ್ಟಾಗ ಶ್ರೀನಿವಾಸರು ನೆನಪಿನಿಂದಲೇ ರಾಂಪುರದ ಗ್ರಂಥ ಬರೆದರು. ನನ್ನ ಟಿಪ್ಪಣಿ ಠಾಣೆಯ ಕಪಾಟಿನಲ್ಲಿ ಭದ್ರವಾಗಿದೆ. ನೆನಪಿನಲ್ಲಿ ಉಳಿದದ್ದು ಖನ ಕಣ್ಣು ಮಾತ್ರ.

ಕ್ಷೇತ್ರಕಾರ್ಯಕ್ಕೆ ಹೊರಟ ತಮ್ಮಂದಿರೇ, ತಂಗಿಯರೇ, ಪಕ್ಕದವರು ಕಣ್ಣು ಹೊಡೆದರೆ ಮೊದಲು ಓಡಿ. ದಟ್ಟ ವಿವರಣೆಯನ್ನು ಬಸ್ಸಿನಲ್ಲಿ ಕೂತು ಬರೆಯಬಹುದು.