ಸನ್ಮಾನ್ಯ ‘ಒಂದು ಗಂಟೆ’ಯವರಿಗೆ, ನಂಗಲಿಯಿಂದ ಒಂದು ಬಹಿರಂಗ ಪತ್ರ

ಸನ್ಮಾನ್ಯ ಒಂದು ಗಂಟೆಯವರಿಗೆ,

ತಮ್ಮ ಫಲಾನುಭವಿಯೊಬ್ಬ ನಂಗಲಿಯಿಂದ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲರೂ ಕ್ಷೇಮ, ಅಂದರೆ ಉದ್ಯೋಗಸ್ಥರು. ಅತ್ತ ತಮ್ಮ ಕ್ಷೇಮ ಸಮಾಚಾರವನ್ನು 2025ರ ಮೇ ತಿಂಗಳಿನಿಂದ ದೆಹಲಿಯ ಅಂಕಿಅಂಶ ಸಚಿವಾಲಯದವರು ತಿಂಗಳು ತಿಂಗಳೂ ತಿಳಿಸುತ್ತಿದ್ದಾರೆ.

ನಮ್ಮೂರು ತಮಗೆ ಗೊತ್ತಿರಲಾರದು. ಮುಳಬಾಗಿಲು ದಾಟಿ ಚಿತ್ತೂರಿನ ಕಡೆ ಹೋಗುವ ಹೆದ್ದಾರಿಯಲ್ಲಿ ಕರ್ನಾಟಕ ಮುಗಿಯುವ ಜಾಗ ಇದು. ಹೊಯ್ಸಳ ವಿಷ್ಣುವರ್ಧನನ ಶಾಸನಗಳಲ್ಲಿ ರಾಜ್ಯದ ಮೂಡಣ ಎಲ್ಲೆ ಎಂದು ಬರುವುದು ನಂಗಲಿ ಘಟ್ಟವೇ. ಬಂದವರನ್ನು, ಹೋದವರನ್ನು, ಅವರ ಮೂಟೆಗಳನ್ನು ಎಣಿಸುವುದು ಇಲ್ಲಿ ಬಹಳ ಹಳೆಯ ಕಸುಬು. ಆ ಹೆದ್ದಾರಿಯ ಪಕ್ಕದಲ್ಲೇ ನನ್ನದೊಂದು ಜೆರಾಕ್ಸ್ ಅಂಗಡಿ. ಆಧಾರ್ ನಕಲು, ಪಾಸ್‌ಪೋರ್ಟ್ ಸೈಜ್ ಫೋಟೊ, ಬಯೋಡೇಟಾ ಟೈಪಿಂಗ್, ಪಿಎಫ್ ಅರ್ಜಿ, ಯುವನಿಧಿ ಅರ್ಜಿ, ಎಲ್ಲವೂ ಸಿಗುತ್ತವೆ. ಕೆಲಸ ಹುಡುಕುವವನೂ ಕೆಲಸ ಬಿಟ್ಟವನೂ ಇದೇ ಬೆಂಚಿನ ಮೇಲೆ ಕೂರುತ್ತಾರೆ. ಆ ಬೆಂಚಿನ ಪರವಾಗಿಯೇ ಈ ಪತ್ರ.

ತಮ್ಮ ಮಹಿಮೆಯ ವಿಷಯ ನನಗೆ ತಿಳಿದದ್ದು ತಡವಾಗಿ. 1982ರಲ್ಲಿ ಜಿನೀವಾದಲ್ಲಿ ಜಗತ್ತಿನ ಕಾರ್ಮಿಕ ಅಂಕಿಅಂಶ ತಜ್ಞರೆಲ್ಲ ಕೂತು ತಮಗೆ ಪಟ್ಟ ಕಟ್ಟಿದರಂತೆ: ವಾರದಲ್ಲಿ ಒಂದು ಗಂಟೆ ದುಡಿದರೂ ಅವನು ಉದ್ಯೋಗಿ. ನಮ್ಮ ದೇಶದ ಕಾರ್ಮಿಕ ಸಮೀಕ್ಷೆಯೂ, ಅದೇ ಪಿಎಲ್‌ಎಫ್‌ಎಸ್, ವಾರದ ಲೆಕ್ಕಕ್ಕೆ ತಮ್ಮನ್ನೇ ನಂಬಿಕೊಂಡಿದೆ. ಹಿಂದಿನ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ತಾವು ಒಬ್ಬನ ಮನೆಗೆ ಬಂದು ಹೋಗಿದ್ದರೆ ಸಾಕು, ಉಳಿದ ದಿನಗಳಲ್ಲಿ ಅವನು ಯಾವ ಗೇಟಿನ ಮುಂದೆ ನಿಂತಿದ್ದ ಎಂಬುದು ನಿರುದ್ಯೋಗದ ಲೆಕ್ಕಕ್ಕೆ ಬರುವುದಿಲ್ಲ.

ಒಬ್ಬ ಹುಡುಗನ ವಾರವನ್ನೇ ನೋಡಿ. ಭಾನುವಾರ ಬೆಳಗ್ಗೆ ವಡ್ಡಹಳ್ಳಿ ಮಾರುಕಟ್ಟೆಯಲ್ಲಿ ಟೊಮೆಟೊ ಬಾಕ್ಸ್ ಲೋಡ್ ಮಾಡಿದ. ಹದಿನೈದು ಕೆ.ಜಿ. ಬಾಕ್ಸು, ಒಂದು ಲಾರಿ, ಒಂದು ಗಂಟೆ ಚಿಲ್ಲರೆ. ಸೋಮವಾರದಿಂದ ಶನಿವಾರದವರೆಗೆ ನರಸಾಪುರ, ವೇಮಗಲ್, ಮಾಲೂರು ಅಂತ ಕಾರ್ಖಾನೆ ಕಾರ್ಖಾನೆ ತಿರುಗಿದ. ಪ್ರತಿ ದಿನವೂ ನನ್ನ ಅಂಗಡಿಯಿಂದಲೇ ಬಯೋಡೇಟಾ ಒಯ್ದ. ಅವನ ಅಮ್ಮನ ಪ್ರಕಾರ ಅವನು ದಂಡಪಿಂಡ. ತಮ್ಮ ಪ್ರಕಾರ ಸಮೀಕ್ಷೆಯ ಕೋಡ್ 51, ಕೂಲಿ ಕಾರ್ಮಿಕ, ಉದ್ಯೋಗಸ್ಥ. ಹೆತ್ತವಳಿಗಿಲ್ಲದ ಕರುಣೆ ತಮಗಿದೆ ಸ್ವಾಮಿ.

ಇನ್ನು ನಮ್ಮ ಅತ್ತೆಯವರು. ಬೆಳಗ್ಗೆ ಐದಕ್ಕೆದ್ದು ಎರಡು ಸೀಮೆಹಸು ಕರೆದು, ಡೈರಿಗೆ ಹಾಲು ಹಾಕಿ, ಆಮೇಲೆ ಮನೆಯವರಿಗೆಲ್ಲ ಮುದ್ದೆ ತಿರುವುವವರು. ಸಿಲ್ಕು, ಮಿಲ್ಕು ಎರಡಕ್ಕೂ ಹೆಸರಾದ ಜಿಲ್ಲೆಯಲ್ಲಿ ಇದೇನು ಹೊಸ ಸುದ್ದಿಯಲ್ಲ. ಆದರೆ ಸರ್ಕಾರಿ ಲೆಕ್ಕದಲ್ಲಿ ಗ್ರಾಮೀಣ ಮಹಿಳೆಯರಲ್ಲಿ ದುಡಿಯುವ ಇಲ್ಲವೇ ಕೆಲಸ ಹುಡುಕುವವರ ಪಾಲು 2017–18ರಲ್ಲಿ ಶೇ. 24.6 ಇದ್ದದ್ದು 2023–24ಕ್ಕೆ ಶೇ. 47.6ಕ್ಕೆ ಜಿಗಿದಿದೆ. ಹೆಂಗಸರು ಉದ್ಯೋಗ ಕ್ಷೇತ್ರಕ್ಕೆ ಧುಮುಕಿದ್ದಾರೆ ಎಂದು ವೇದಿಕೆಗಳಲ್ಲಿ ಚಪ್ಪಾಳೆ. ಅತ್ತೆಯವರನ್ನು ಕೇಳಿದೆ, ‘ನೀವು ಯಾವಾಗ ಧುಮುಕಿದ್ರಿ?’ ‘ಮದುವೆಯಾಗಿ ಬಂದ ಮಾರನೇ ದಿನ’ ಅಂದರು. ಅವರ ಹೆಸರಲ್ಲಿ ಡೈರಿ ಪಾಸ್‌ಬುಕ್ ಇದ್ದರೆ ಕೋಡ್ 11, ಸ್ವಂತ ಉದ್ಯೋಗಿ. ಮಾವನವರ ಹೆಸರಲ್ಲಿದ್ದು ಇವರು ಬರೀ ಕೆಚ್ಚಲು ಹಿಡಿದರೆ ಕೋಡ್ 21, ಸಂಬಳವಿಲ್ಲದ ಸಹಾಯಕಿ. ಹಸು ಮಾರಿಬಿಟ್ಟು ಸೌದೆ ತಂದು, ಅಡುಗೆ ಮಾಡಿಕೊಂಡಿದ್ದರೆ ಕೋಡ್ 93, ಕೆಲಸವೇ ಇಲ್ಲದವರು. ಹಾಗಾಗಿ ಹಸು ಮಾರಲು ನಾನು ಬಿಟ್ಟಿಲ್ಲ. ದೇಶದ ಶೇಕಡಾವಾರು ನನ್ನಿಂದ ಇಳಿಯುವುದು ಬೇಡ.

ಹೀಗೆಲ್ಲ ಕೂಡಿ 2023–24ರಲ್ಲಿ ಇಡೀ ದೇಶದ ನಿರುದ್ಯೋಗ ದರ ಶೇ. 3.2. (ಇದು ವರ್ಷದ ಲೆಕ್ಕ. ಇದರಲ್ಲಿ ತಮ್ಮ ದೊಡ್ಡಣ್ಣ ‘ಮೂವತ್ತು ದಿನ’ದವರದ್ದೇ ಕಾರುಬಾರು: ವರ್ಷಕ್ಕೆ ಮೂವತ್ತು ದಿನ ದುಡಿದವನೂ ಉದ್ಯೋಗಿಯೇ.) ಅದೇ ವರದಿಯ ಒಳಪುಟದಲ್ಲಿ ಇನ್ನೊಂದು ಅಂಕಿ ಇದೆ: ಪ್ರೌಢಶಿಕ್ಷಣ ಮತ್ತು ಅದಕ್ಕೂ ಹೆಚ್ಚು ಓದಿದವರಲ್ಲಿ ನಿರುದ್ಯೋಗ ಶೇ. 6.5, ಅಂದರೆ ದುಪ್ಪಟ್ಟು. ಓದಿದಷ್ಟೂ ಕೆಲಸ ಸಿಗದು ಎಂದು ಕೆಲವರು ಇದನ್ನು ಓದುತ್ತಾರೆ. ನನ್ನ ಬೆಂಚಿನ ಮೇಲಿಂದ ಕಾಣುವುದು ಬೇರೆ. ಕೆಲಸವಿಲ್ಲದೆ ಕೂರಬೇಕಾದರೆ ಮನೆಯಲ್ಲಿ ಇನ್ನೊಬ್ಬರ ಸಂಬಳ ಇರಬೇಕು. ಡಿಗ್ರಿ ಮುಗಿಸಿದ ಹುಡುಗನ ಅಪ್ಪ ಬಿಇಎಂಎಲ್‌ನಲ್ಲೋ ಕೆಎಸ್‌ಆರ್‌ಟಿಸಿಯಲ್ಲೋ ಇದ್ದರೆ ಅವನು ಆರು ತಿಂಗಳು ನಿರುದ್ಯೋಗಿಯಾಗಿರಬಲ್ಲ. ಅಪ್ಪ ತೀರಿಕೊಂಡ, ಅರ್ಧ ಎಕರೆಯ ಹುಡುಗನಿಗೆ ಆ ಸವಲತ್ತು ಇಲ್ಲ. ಅವನು ಸಂಜೆಯೊಳಗೆ ಏನಾದರೂ ಮಾಡಲೇಬೇಕು, ಮಾಡಿದ ಕೂಡಲೇ ತಾವು ಬಂದು ಅವನನ್ನು ಉದ್ಯೋಗಸ್ಥರ ಪಟ್ಟಿಗೆ ಸೇರಿಸಲೇಬೇಕು. ನಂಗಲಿಯಲ್ಲಿ ನಿರುದ್ಯೋಗ ಕಡಿಮೆ ಇರುವುದು ಕೆಲಸ ಹೆಚ್ಚಿರುವುದರಿಂದಲ್ಲ ಸ್ವಾಮಿ, ನಿರುದ್ಯೋಗ ದುಬಾರಿಯಾಗಿರುವುದರಿಂದ.

ಈ ಸಮೀಕ್ಷೆಯ ಮೊದಲ ವರ್ಷ ಲೆಕ್ಕ ಶುರುವಾದದ್ದು 2017ರ ಜುಲೈನಿಂದ. ಅದೇ ಜುಲೈ 1ರಂದು ಜಿಎಸ್‌ಟಿ ಬಂತು. ನಮ್ಮೂರ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್‌ನ ಲಾರಿ ಸಾಲು ಮಾಯವಾಯಿತು. ಲಾರಿ ನಿಂತರೆ ಟೀ, ಬೋಂಡ, ಪಂಕ್ಚರ್, ಕಾಗದ ಪತ್ರ ಟೈಪ್ ಮಾಡುವವನು, ಕಾಗದ ಹಿಡಿದು ಓಡುವ ಹುಡುಗ. ಲಾರಿ ನಿಲ್ಲದಿದ್ದರೆ ಬರೀ ಧೂಳು. ದೇಶಕ್ಕೆ ಒಳ್ಳೆಯದೇ ಆಯಿತು, ನಾನೂ ಒಪ್ಪುತ್ತೇನೆ, ಲಂಚವೂ ಕಡಿಮೆಯಾಗಿರಬಹುದು. ಆದರೆ ಬೋಂಡ ಅಂಗಡಿ ಮುಚ್ಚಿ ತಮ್ಮನ ಅಂಗಡಿಯಲ್ಲಿ ಸುಮ್ಮನೆ ಕೈಜೋಡಿಸಿದವನು ಲೆಕ್ಕದಲ್ಲಿ ಕೋಡ್ 11ರಿಂದ 21ಕ್ಕೆ ಜಾರುತ್ತಾನೆಯೇ ಹೊರತು ಕೆಲಸ ಕಳೆದುಕೊಳ್ಳುವುದಿಲ್ಲ. ಆದಾಯವೊಂದೇ ಕಳೆದುಹೋಗುವುದು.

ಆ ಮೊದಲ ವರ್ಷದ ವರದಿಯ ಕಥೆ ತಮಗೆ ಚೆನ್ನಾಗಿ ಗೊತ್ತು. ನಿರುದ್ಯೋಗ ಶೇ. 6.1 ಎಂದು ತಮ್ಮ ದೊಡ್ಡಣ್ಣನವರು ಬಾಯಿ ಬಿಟ್ಟರು. ವರದಿ ಹೊರಗೆ ಬರಲಿಲ್ಲ. 2019ರ ಜನವರಿಯಲ್ಲಿ ರಾಷ್ಟ್ರೀಯ ಅಂಕಿಅಂಶ ಆಯೋಗದ ಪಿ.ಸಿ. ಮೋಹನನ್ ಮತ್ತು ಜೆ.ವಿ. ಮೀನಾಕ್ಷಿ ರಾಜೀನಾಮೆ ಕೊಟ್ಟರು. ಪತ್ರಿಕೆಯೊಂದು ಅಂಕಿಯನ್ನು ಅಚ್ಚು ಹಾಕಿಬಿಟ್ಟಿತು. ಅಧಿಕೃತ ವರದಿ ಬಂದದ್ದು ಮೇ 31ರಂದು, ಹೊಸ ಸರ್ಕಾರ ಪ್ರಮಾಣ ವಚನ ತೆಗೆದುಕೊಂಡ ಮರುದಿನ. ನಿರುದ್ಯೋಗದ ಅಂಕಿ ಹೇಳಿದ ವರ್ಷ ಕೆಲಸ ಬಿಟ್ಟವರು ಅಂಕಿಅಂಶದವರೇ ಆದದ್ದು ಯಾವ ಕೋಡ್‌ಗೆ ಬರುತ್ತದೋ ತಿಳಿಯದು.

ಈಗ ನರಸಾಪುರದ ವಿಷಯಕ್ಕೆ ಬರುತ್ತೇನೆ. ನೇಮಕಾತಿಯ ಅಲೆ ಅಂದರೇನು ಎಂಬುದನ್ನು ನಮ್ಮ ಜಿಲ್ಲೆ ನೋಡಿದ್ದು ಅಲ್ಲಿ. 2013ರಲ್ಲಿ ಹೋಂಡಾ ಸ್ಕೂಟರ್ ಬಂತು, ಆಮೇಲೆ ಐಫೋನ್ ಜೋಡಿಸುವ ವಿಸ್ಟ್ರಾನ್ ಬಂತು. ಹಳ್ಳಿಗಳಿಂದ ಹುಡುಗ ಹುಡುಗಿಯರನ್ನು ಕಂಪನಿ ಬಸ್ಸು ಒಯ್ಯತೊಡಗಿತು. ವಾಟ್ಸಾಪ್‌ನಲ್ಲಿ ಏಜೆಂಟರ ಮೆಸೇಜು ಇಂದಿಗೂ ಒಂದೇ ಥರ: ‘ಎಸ್ಸೆಸ್ಸೆಲ್ಸಿ ಪಾಸ್/ಫೇಲ್, ಪಿಯುಸಿ, ಐಟಿಐ, ಡಿಪ್ಲೊಮಾ, ಊಟ ಬಸ್ ಫ್ರೀ, ಪಿಎಫ್ ಇಎಸ್‌ಐ ಉಂಟು.’ ಪಾಸ್ ಆದರೂ ಫೇಲ್ ಆದರೂ ಒಂದೇ ಎಂಬ ಸಮಾನತೆಯನ್ನು ಶಿಕ್ಷಣ ಇಲಾಖೆಗೆ ತರಲಾಗಲಿಲ್ಲ, ಗುತ್ತಿಗೆ ಏಜೆನ್ಸಿಗಳು ತಂದವು.

ಮಂದಿಯ ತಲೆ ಎಣಿಸುವುದೇ ಉದ್ಯೋಗ ಬೆಳವಣಿಗೆಯಾದರೆ 2020ರ ನರಸಾಪುರದಷ್ಟು ಚೆಂದದ ಗ್ರಾಫ್ ಇನ್ನೆಲ್ಲೂ ಸಿಗದು. ಕಾರ್ಖಾನೆಗಳ ಇಲಾಖೆಯ ವರದಿ ಹೇಳಿದಂತೆ ಅಲ್ಪ ಅವಧಿಯಲ್ಲೇ ವಿಸ್ಟ್ರಾನ್‌ನ ಕೆಲಸಗಾರರ ಸಂಖ್ಯೆ 5,000ದಿಂದ 10,500ಕ್ಕೆ ಏರಿತು. ಅವರಲ್ಲಿ ಖಾಯಂ ನೌಕರರು ಸಾವಿರದ ಮುನ್ನೂರು ಚಿಲ್ಲರೆ, ಗುತ್ತಿಗೆಯವರು ಎಂಟು ಸಾವಿರಕ್ಕೂ ಮೇಲೆ. ಪಾಳಿ ಎಂಟು ಗಂಟೆಯಿಂದ ಹನ್ನೆರಡಕ್ಕೆ ಹೋಯಿತು. ಹಾಜರಾತಿ ಯಂತ್ರ ಸರಿಯಾಗಿ ಹಾಜರಾತಿ ಹಿಡಿಯಲಿಲ್ಲ, ಸಂಬಳ ಕಡಿತವಾಯಿತು. ಡಿಸೆಂಬರ್ 12ರ ಬೆಳಗ್ಗೆ ರಾತ್ರಿ ಪಾಳಿ ಮುಗಿಸಿದವರು ಗಾಜು ಒಡೆದರು. ಒಡೆದದ್ದನ್ನು ನಾನು ಸಮರ್ಥಿಸುವುದಿಲ್ಲ. ಒಂದು ವಾರದಲ್ಲಿ ಆಪಲ್ ಆ ಕಂಪನಿಗೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು, ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಹೋಗಿರಲಿಲ್ಲ ಎಂದು ವಿಸ್ಟ್ರಾನ್ ಒಪ್ಪಿ ಕ್ಷಮೆ ಕೇಳಿತು. ಈಗ ಆ ಕಾರ್ಖಾನೆ ಟಾಟಾ ಅವರದ್ದು, 2023ರಿಂದ.

ತಾವು ಇಲ್ಲಿ ಸ್ವಲ್ಪ ತಡೆದು ಯೋಚಿಸಬೇಕು. ದೆಹಲಿಯಲ್ಲಿ ಒಬ್ಬನನ್ನು ಕೆಲಸಗಾರ ಅನ್ನಲು ತಾವೊಬ್ಬರೇ ಸಾಕು. ನರಸಾಪುರದಲ್ಲಿ ತಮ್ಮಂಥ ಹನ್ನೆರಡು ಮಂದಿ ಒಟ್ಟಾಗಿ ಬಂದು ಸಾಕ್ಷಿ ಹೇಳಿದರೂ ಯಂತ್ರ ನಂಬಲಿಲ್ಲ. ತಮ್ಮ ವಂಶಕ್ಕೇ ಆದ ಅವಮಾನ ಇದು. ಅದನ್ನು ತೊಳೆಯಲೋ ಎಂಬಂತೆ 2023ರಲ್ಲಿ ನಮ್ಮ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ ಹನ್ನೆರಡು ಗಂಟೆಯ ಪಾಳಿಗೆ ದಾರಿ ಮಾಡಿಕೊಟ್ಟಿತು, ವಾರಕ್ಕೆ ನಲವತ್ತೆಂಟರ ಮಿತಿ ಇಟ್ಟು.

ಉದ್ಯೋಗ ಹೆಚ್ಚಾಗಿದೆ ಎನ್ನಲು ಈಚೆಗೆ ಇನ್ನೊಂದು ದಾಖಲೆ ತೋರಿಸುತ್ತಾರೆ, ಪಿಎಫ್ ಇಲಾಖೆಯದ್ದು. 2018ರ ಏಪ್ರಿಲ್‌ನಿಂದ ತಿಂಗಳಿಗೊಮ್ಮೆ ಬರುತ್ತದೆ: ಹೊಸದಾಗಿ ಸೇರಿದವರು ಇಷ್ಟು, ಬಿಟ್ಟವರು ಇಷ್ಟು, ಬಿಟ್ಟು ಮತ್ತೆ ಬಂದವರು ಇಷ್ಟು. ಒಳ್ಳೆಯ ದಾಖಲೆಯೇ. ಆದರೆ ಇಪ್ಪತ್ತು ಜನರಿರುವ ಸಂಸ್ಥೆಗೆ ಪಿಎಫ್ ಕಡ್ಡಾಯ. ಹತ್ತೊಂಬತ್ತು ಜನ ವರ್ಷಗಟ್ಟಲೆ ದುಡಿಯುತ್ತಿದ್ದ ಶೆಡ್‌ಗೆ ಇಪ್ಪತ್ತನೆಯವನು ಕಾಲಿಟ್ಟ ದಿನ ಇಪ್ಪತ್ತು ಹೆಸರು ಒಮ್ಮೆಲೇ ಪಟ್ಟಿಗೆ ಬರುತ್ತವೆ. ಕಾಲ್ಗುಣ ಅಂದರೆ ಅದು. ಅಂಥ ಸೊಸೆ ನಮ್ಮ ಮನೆಗೂ ಬರಲಿ.

ನನ್ನ ಬೆಂಚಿನಲ್ಲಿ ಈ ಪಟ್ಟಿಯ ಹಿಂಬದಿ ಕಾಣುತ್ತದೆ. ಸೇರುವಾಗ ಹುಡುಗರು ಗುಂಪಾಗಿ ಬರುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ, ಬಾಡಿಗೆ ಅಂಗಿಯಲ್ಲಿ ನಗುತ್ತಾರೆ. ಮಾವು ಮುಗಿಯುವ ಹೊತ್ತಿಗೋ ಯುಗಾದಿಯ ಆಚೀಚೆಗೋ ಒಬ್ಬೊಬ್ಬರೇ ಬಂದು ‘ಅಣ್ಣ, ಪಿಎಫ್ ತೆಗೆಸ್ಬೇಕಿತ್ತು’ ಅನ್ನುತ್ತಾರೆ. ಫಾರಂ 19, ಫಾರಂ 10ಸಿ. ಯಾಕಪ್ಪ ಬಿಟ್ಟೆ ಅಂದರೆ, ‘ನಾನೆಲ್ಲಿ ಬಿಟ್ಟೆ ಅಣ್ಣ, ಏಜೆನ್ಸಿ ಬದಲಾಯ್ತು.’ ಮತ್ತೆ ಹೊಸ ಏಜೆನ್ಸಿಗೆ ಹೊಸ ಬಯೋಡೇಟಾ. ಅನುಭವ ಎಂಬ ಜಾಗ ತುಂಬುತ್ತಾ ಬರುತ್ತದೆ, ಸಂಬಳ ಎಂಬ ಜಾಗ ಅಲ್ಲೇ ನಿಂತಿರುತ್ತದೆ. ಟೈಪ್ ಮಾಡುವವನಿಗೆ ಅನುಕೂಲ, ಹಳೆಯ ಫೈಲೇ ನಡೆಯುತ್ತದೆ.

ಇದೇ ಬೆಂಚಿಗೆ ರಾಜ್ಯ ಸರ್ಕಾರದ ಫಲಾನುಭವಿಯೂ ಬರುತ್ತಾನೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಶುರುವಾದ ಯುವನಿಧಿ: ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರನಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವನಿಗೆ 1,500, ಎರಡು ವರ್ಷದವರೆಗೆ. ಅದಕ್ಕೆ ‘ನಾನು ಇನ್ನೂ ನಿರುದ್ಯೋಗಿ’ ಎಂದು ಸ್ವಯಂ ಘೋಷಣೆ ಮಾಡಬೇಕು. ಅವನು ಘೋಷಣೆ ಮಾಡಿ, ಅಪ್ಪ ಊಟಕ್ಕೆ ಹೋದಾಗ ಗಲ್ಲಾಪೆಟ್ಟಿಗೆ ಮುಂದೆ ಕೂತ ಅನ್ನಿ. ಬೆಂಗಳೂರಿಗೆ ಅವನು ನಿರುದ್ಯೋಗಿ, ದೆಹಲಿಗೆ ಉದ್ಯೋಗಿ. ಊಟ ಮುಗಿಸಿ ಬಂದ ಅಪ್ಪನಿಗೆ ಏನೆಂಬುದನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ.

2024ರ ಜುಲೈನಲ್ಲಿ ಸ್ಥಳೀಯರಿಗೆ ಕಾರ್ಖಾನೆಗಳಲ್ಲಿ ಹುದ್ದೆಗೆ ತಕ್ಕಂತೆ ಶೇ. 50 ಅಥವಾ 70ರ ಮೀಸಲಾತಿ ತರುತ್ತೇವೆಂದು ಮಸೂದೆಯೊಂದು ಸಂಪುಟ ದಾಟಿ, ಉದ್ಯಮಿಗಳು ಕೂಗಾಡಿದ ಮೇಲೆ ತಡೆಹಿಡಿಯಲ್ಪಟ್ಟಿತು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಿನಿಮಾಕ್ಕೆ ಎರಡೂ ಎಂಬ ನಮ್ಮ ಗಡಿಯವರು ಒಂದೆರಡು ದಿನ ನಾವು ಎಷ್ಟು ಸ್ಥಳೀಯರು ಎಂದು ಲೆಕ್ಕ ಹಾಕಿ ಸುಮ್ಮನಾದೆವು.

ಕೋಪದಿಂದ ಬರೆದೆ ಅಂದುಕೊಳ್ಳಬೇಡಿ. ಟ್ಯಾಬ್ ಹಿಡಿದು ಮನೆ ಮನೆ ತಿರುಗುವ ಸಮೀಕ್ಷೆಯವರ ಮೇಲೆ ನನಗೆ ಗೌರವವಿದೆ. ಅವರು ತಮ್ಮೊಬ್ಬರನ್ನೇ ಕೇಳುವುದಿಲ್ಲ, ಎಷ್ಟು ಗಂಟೆ ದುಡಿದೆ, ಎಷ್ಟು ಸಿಕ್ಕಿತು, ಲಿಖಿತ ಕರಾರು ಇದೆಯೇ, ಸಂಬಳದ ರಜೆ ಇದೆಯೇ ಎಂದೂ ಕೇಳುತ್ತಾರೆ. ಅದೆಲ್ಲ ವರದಿಯಲ್ಲಿ ಇದೆ. 2017–18ರಲ್ಲಿ ದುಡಿಯುವವರ ಪೈಕಿ ಖಾಯಂ ಸಂಬಳದವರು ಶೇ. 22.8, 2023–24ಕ್ಕೆ ಶೇ. 21.7. ಸ್ವಂತ ಉದ್ಯೋಗದವರು ಶೇ. 52.2ರಿಂದ 58.4. ಅಂದರೆ ನಿರುದ್ಯೋಗ 6.1ರಿಂದ 3.2ಕ್ಕೆ ಇಳಿದ ಅವೇ ವರ್ಷಗಳಲ್ಲಿ ಸಂಬಳದ ಕೆಲಸದ ಪಾಲೂ ಇಳಿಯಿತು. ಈ ಪುಟವನ್ನು ವೇದಿಕೆಯ ಮೇಲೆ ಯಾರೂ ತೆರೆಯುವುದಿಲ್ಲ, ವಿರೋಧ ಪಕ್ಷದವರೂ ಅವರು ಆಳುವ ರಾಜ್ಯದ ಸಾಲು ನೋಡಿಕೊಂಡೇ ತೆರೆಯುತ್ತಾರೆ. 1970ರಲ್ಲೇ ದಾಂತ್ವಾಲಾ ಸಮಿತಿ ಹೇಳಿತ್ತು: ಈ ದೇಶದ ನಿರುದ್ಯೋಗವನ್ನು ಒಂದೇ ಅಂಕಿಯಲ್ಲಿ ಹಿಡಿಯಲು ಹೋಗಬೇಡಿ ಎಂದು. ಅದರ ಬೆನ್ನಿಗೇ, 1972–73ರ ಸಮೀಕ್ಷೆಯಿಂದ, ವರ್ಷದ ಲೆಕ್ಕ, ವಾರದ ಲೆಕ್ಕ, ದಿನದ ಲೆಕ್ಕ ಅಂತ ಮೂರು ಬಗೆ ಬಂದವು. ಅರ್ಧ ದಿನದ ಕೂಲಿಯನ್ನು ಅರ್ಧ ದಿನ ಅಂತಲೇ ಬರೆಯುತ್ತಿದ್ದ ದಿನದ ಲೆಕ್ಕವನ್ನು ಈಗಿನ ಸಮೀಕ್ಷೆ ಕೈಬಿಟ್ಟಿದೆ. ಟೊಮೆಟೊ ಬಾಕ್ಸ್ ಎತ್ತುವ ಹುಡುಗನಿಗೆ ಹೊಂದುತ್ತಿದ್ದದ್ದು ಅದೊಂದೇ.

2025ರಿಂದ ಸಮೀಕ್ಷೆ ದೊಡ್ಡದಾಗಿದೆ. ವರ್ಷಕ್ಕೆ ಲಕ್ಷ ಚಿಲ್ಲರೆ ಮನೆಗಳಿದ್ದದ್ದು 2,72,304 ಆಗಿವೆ, ಜಿಲ್ಲೆಯನ್ನೇ ಘಟಕವಾಗಿಟ್ಟುಕೊಂಡು ಮಾದರಿ ಆರಿಸುತ್ತಾರೆ, ಹಳ್ಳಿಯ ಮನೆಗೂ ನಾಲ್ಕು ಸಲ ಬರುತ್ತಾರೆ. ಮುಂಚೆ ಮೂರು ತಿಂಗಳ ವರದಿಯಲ್ಲಿ ಬರೀ ಪಟ್ಟಣಗಳಿರುತ್ತಿದ್ದವು. ಹಾಗಾಗಿ ಒಂದಲ್ಲ ಒಂದು ದಿನ ಆ ಟ್ಯಾಬು ನಂಗಲಿಗೂ ಬರಬಹುದು. ಬಂದರೆ ನನ್ನ ಅರ್ಜಿ ಇಷ್ಟೇ: ತಿಂಗಳ ಪ್ರಕಟಣೆಯ ಮೊದಲ ಪುಟದಲ್ಲಿ ತಮ್ಮ ಹೆಸರಿನ ಪಕ್ಕದಲ್ಲೇ ಎರಡು ಅಂಕಣ ಸೇರಿಸಲು ಹೇಳಿ, ಎಷ್ಟು ಗಂಟೆ, ಎಷ್ಟು ರೂಪಾಯಿ. ಜಾಗ ಸಾಲದಿದ್ದರೆ ನಾನು ಎ3 ಹಾಳೆಯಲ್ಲಿ ತೆಗೆದುಕೊಡುತ್ತೇನೆ, ಪುಟಕ್ಕೆ ಹತ್ತು ರೂಪಾಯಿ, ಸರ್ಕಾರಕ್ಕೆ ಸಾಲ ಇಲ್ಲ.

ಇಂತಿ ತಮ್ಮ ವಿಧೇಯ,
ಕೋಡ್ 11, ಜೆರಾಕ್ಸ್ ಅಂಗಡಿ, ನಂಗಲಿ
(ಅತ್ತೆ: 21. ಮಗ: ಸೋಮವಾರದಿಂದ ಶನಿವಾರ 81, ಅಂದರೆ ಕೆಲಸ ಹುಡುಕುವವ, ಭಾನುವಾರ 51)